ಪ್ರಮಾಣ ಮಾಡಿ ಹೇಳಿದ ಸುಳ್ಳಿಗೆ ಆರೇ ತಿಂಗಳು

2023ರ ಸೆಪ್ಟೆಂಬರ್ 1ರಂದು ಕರ್ನಾಟಕ ಹೈಕೋರ್ಟ್ ಹಾಸನದ ಸಂಸದರ ಆಯ್ಕೆಯೇ ಅಸಿಂಧು ಎಂದಿತು. 2019ರ ಲೋಕಸಭಾ ಚುನಾವಣೆಯಲ್ಲಿ ಗೆದ್ದಿದ್ದ ಪ್ರಜ್ವಲ್ ರೇವಣ್ಣ ಅವರು ನಾಮಪತ್ರದ ಜೊತೆ ಪ್ರಮಾಣ ಮಾಡಿ ಕೊಡುವ ಅಫಿಡವಿಟ್‌ನಲ್ಲಿ ಆಸ್ತಿಯ ಪೂರ್ತಿ ವಿವರ ಕೊಟ್ಟಿರಲಿಲ್ಲ ಅನ್ನುವುದು ಅದಕ್ಕೆ ಕೊಟ್ಟ ಕಾರಣಗಳಲ್ಲಿ ಒಂದು. ಸೆಪ್ಟೆಂಬರ್ 18ಕ್ಕೆ ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಸಂಸದರು ಸಂಸದರಾಗಿಯೇ ಉಳಿದರು. 2024ರಲ್ಲಿ ಅದೇ ಕ್ಷೇತ್ರದಿಂದ ಮತ್ತೆ ನಾಮಪತ್ರ ಹಾಕಿದರು.

ಅದೇ 2024ರ ಏಪ್ರಿಲ್ 9ರಂದು ಅರುಣಾಚಲ ಪ್ರದೇಶದ ಇನ್ನೊಂದು ಕೇಸಿನಲ್ಲಿ ಸುಪ್ರೀಂ ಕೋರ್ಟ್ ಬೇರೆ ಮಾತು ಹೇಳಿತು. ಅಭ್ಯರ್ಥಿ ತನ್ನ ಬಳಿ ಇರುವ ಒಂದೊಂದು ಚರಾಸ್ತಿಯನ್ನೂ ಲೆಕ್ಕ ಹಾಕಿ ಹೇಳಬೇಕಿಲ್ಲ, ಅವನಿಗೂ ಖಾಸಗಿತನದ ಹಕ್ಕು ಇದೆ ಎಂದಿತು. ಇದರ ಮೇಲೆ 2025ರ ಆಗಸ್ಟ್ 20ರಂದು ಲೋಕಸಭೆಗೆ ಸಂವಿಧಾನದ 130ನೇ ತಿದ್ದುಪಡಿ ಮಸೂದೆ ಬಂತು. ಗಂಭೀರ ಆರೋಪದಲ್ಲಿ 30 ದಿನ ಸತತವಾಗಿ ಬಂಧನದಲ್ಲಿದ್ದರೆ ಪ್ರಧಾನಿಯಾಗಲಿ, ಮುಖ್ಯಮಂತ್ರಿಯಾಗಲಿ, ಸಚಿವರಾಗಲಿ ಕುರ್ಚಿ ಬಿಡಬೇಕು ಅನ್ನುತ್ತದೆ ಆ ಮಸೂದೆ.

ಮೂರನ್ನೂ ಒಟ್ಟಿಗೆ ಓದಿದವರಿಗೆ ತಲೆ ಕೆಡುವುದು ಸಹಜ. ಆಸ್ತಿ ಮುಚ್ಚಿಟ್ಟರೆ ಸ್ಥಾನ ಹೋಗುತ್ತದೋ ಇಲ್ಲವೋ? ತಪ್ಪು ಸಾಬೀತಾಗುವ ಮುಂಚೆಯೇ ಜೈಲಿಗೆ ಹೋದವರನ್ನು ಇಳಿಸಲು ಸಂವಿಧಾನವನ್ನೇ ತಿದ್ದಲು ಹೊರಟವರು, ಪ್ರಮಾಣ ಮಾಡಿ ಸುಳ್ಳು ಹೇಳಿದ್ದು ಸಾಬೀತಾದವರನ್ನು ಏನು ಮಾಡುತ್ತಾರೆ? ಈ ಎರಡನೇ ಪ್ರಶ್ನೆಗೆ ಉತ್ತರ ಹುಡುಕುತ್ತಾ ಹೋದರೆ ಮೊದಲನೆಯದಕ್ಕೂ ಉತ್ತರ ಸಿಗುತ್ತದೆ.

ಈ ಅಫಿಡವಿಟ್ ಬಂದದ್ದು ಹೇಗೆ?

ಅಭ್ಯರ್ಥಿಗಳ ಆಸ್ತಿ, ಸಾಲ, ಕ್ರಿಮಿನಲ್ ಕೇಸು, ಓದು ಇವೆಲ್ಲ ಮತದಾರರಿಗೆ ಗೊತ್ತಾಗಬೇಕು ಅನ್ನುವ ನಿಯಮ ರಾಜಕಾರಣಿಗಳು ತಾವಾಗಿ ತಂದದ್ದಲ್ಲ. ಅಹಮದಾಬಾದ್ ಐಐಎಂನ ಕೆಲವು ಪ್ರಾಧ್ಯಾಪಕರು 1999ರಲ್ಲಿ ಎಡಿಆರ್ (ಅಸೋಸಿಯೇಷನ್ ಫಾರ್ ಡೆಮಾಕ್ರಟಿಕ್ ರಿಫಾರ್ಮ್ಸ್) ಎಂಬ ಸಂಸ್ಥೆ ಕಟ್ಟಿ ಕೋರ್ಟಿಗೆ ಹೋದರು. ಅವರಲ್ಲಿ ಒಬ್ಬರಾದ ತ್ರಿಲೋಚನ ಶಾಸ್ತ್ರಿ ಆಮೇಲೆ ಬೆಂಗಳೂರಿನ ಐಐಎಂಗೆ ಬಂದರು. 2002ರ ಮೇ 2ರಂದು ಸುಪ್ರೀಂ ಕೋರ್ಟ್ ಒಂದು ತೀರ್ಪು ಕೊಟ್ಟಿತು. ಅಭ್ಯರ್ಥಿಯ ಬಗ್ಗೆ ತಿಳಿಯುವುದು ಮತದಾರನ ಮೂಲಭೂತ ಹಕ್ಕು, ಆದ್ದರಿಂದ ಈ ವಿವರಗಳನ್ನು ಅಫಿಡವಿಟ್‌ನಲ್ಲಿ ಪಡೆಯಿರಿ ಎಂದು ಚುನಾವಣಾ ಆಯೋಗಕ್ಕೆ ಹೇಳಿತು.

ಆಗ ಸಂಸತ್ತು ಮಾಡಿದ ಕೆಲಸ ನೋಡಿ. ಜಗಳವಾಡುವ ಪಕ್ಷಗಳೆಲ್ಲ ಈ ವಿಷಯಕ್ಕೆ ಒಂದಾದವು. ಅದೇ ವರ್ಷ ಜನಪ್ರತಿನಿಧಿ ಕಾಯ್ದೆಗೆ ತಿದ್ದುಪಡಿ ಬಂತು. ಕೋರ್ಟ್ ಏನೇ ಹೇಳಿರಲಿ, ಈ ಕಾಯ್ದೆ ಕೇಳುವುದಕ್ಕಿಂತ ಹೆಚ್ಚು ಮಾಹಿತಿಯನ್ನು ಅಭ್ಯರ್ಥಿ ಕೊಡಬೇಕಿಲ್ಲ ಎಂದು ಸೆಕ್ಷನ್ 33ಬಿ ಹೇಳಿತು. 2003ರ ಮಾರ್ಚ್ 13ರಂದು ಸುಪ್ರೀಂ ಕೋರ್ಟ್ ಅದನ್ನು ತೆಗೆದುಹಾಕಿತು. ಹೀಗಾಗಿ ಇವತ್ತು ಪತ್ರಿಕೆಗಳಲ್ಲಿ ನಾವು ಓದುವ 'ಇವರ ಆಸ್ತಿ ಇಷ್ಟು ಕೋಟಿ' ಸುದ್ದಿಗಳೆಲ್ಲ ಸಾಧ್ಯವಾಗಿವೆ.

ಆದರೆ ಅದೇ ತಿದ್ದುಪಡಿಯಲ್ಲಿ ಬಂದ ಇನ್ನೊಂದು ಸೆಕ್ಷನ್ ಹಾಗೇ ಉಳಿಯಿತು. ಅದು 125ಎ. ಅಫಿಡವಿಟ್‌ನಲ್ಲಿ ಬೇಕೆಂದೇ ಸುಳ್ಳು ಹೇಳಿದರೆ, ವಿವರ ಮುಚ್ಚಿಟ್ಟರೆ, ಕೊಡದೇ ಹೋದರೆ ಶಿಕ್ಷೆ ಎಷ್ಟು? ಹೆಚ್ಚೆಂದರೆ ಆರು ತಿಂಗಳ ಜೈಲು, ಅಥವಾ ದಂಡ, ಅಥವಾ ಎರಡೂ. ಒಲ್ಲದ ಮನಸ್ಸಿನವರು ಬರೆದ ಸೆಕ್ಷನ್ ಇದು. ಆ ಮನಸ್ಸು ಅದರ ಅಳತೆಯಲ್ಲೇ ಕಾಣುತ್ತದೆ.

ಆರು ತಿಂಗಳು ಅಂದರೆ ಬರೀ ಆರು ತಿಂಗಳಲ್ಲ

ಶಿಕ್ಷೆ ಕಡಿಮೆ ಅನ್ನುವುದಷ್ಟೇ ಇಲ್ಲಿ ಸಮಸ್ಯೆಯಲ್ಲ. ಆ ಒಂದು ಅಂಕಿಯಿಂದ ಬೇರೆ ಬೇರೆ ಬಾಗಿಲುಗಳು ತಾವಾಗಿ ಮುಚ್ಚಿಕೊಳ್ಳುತ್ತವೆ.

ಮೊದಲನೆಯದು ಅನರ್ಹತೆಯ ಬಾಗಿಲು. ಜನಪ್ರತಿನಿಧಿ ಕಾಯ್ದೆಯ ಸೆಕ್ಷನ್ 8ರ ಪ್ರಕಾರ, ಸಾಮಾನ್ಯವಾಗಿ ಎರಡು ವರ್ಷ ಅಥವಾ ಅದಕ್ಕಿಂತ ಹೆಚ್ಚಿನ ಜೈಲು ಶಿಕ್ಷೆಯಾದರೆ ಸ್ಥಾನ ಹೋಗುತ್ತದೆ. ಬಿಡುಗಡೆಯಾದ ಮೇಲೂ ಆರು ವರ್ಷ ಸ್ಪರ್ಧಿಸುವಂತಿಲ್ಲ. ಗರಿಷ್ಠ ಶಿಕ್ಷೆಯೇ ಆರು ತಿಂಗಳಾದ ಅಪರಾಧ ಈ ಗೆರೆಯನ್ನು ಮುಟ್ಟುವುದೇ ಇಲ್ಲ.

ಕೆಲವು ಅಪರಾಧಗಳಿಗೆ ಈ ಎರಡು ವರ್ಷದ ಲೆಕ್ಕ ಬೇಕಾಗಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯಡಿ ತಪ್ಪಿತಸ್ಥ ಎಂದಾದರೆ ಬರೀ ದಂಡ ಬಿದ್ದರೂ ಅನರ್ಹತೆ ಖಚಿತ. ಅದೇ ಪಟ್ಟಿಯಲ್ಲಿ ಸೆಕ್ಷನ್ 125 ಕೂಡ ಇದೆ. ಚುನಾವಣೆ ಹೊತ್ತಿನಲ್ಲಿ ಜಾತಿ ಧರ್ಮಗಳ ನಡುವೆ ದ್ವೇಷ ಹುಟ್ಟಿಸುವ ಅಪರಾಧ ಅದು. ಆದರೆ 125ಎ ಆ ಪಟ್ಟಿಯಲ್ಲಿಲ್ಲ. ಒಂದೇ ಒಂದು ಅಕ್ಷರದ ಅಂತರ. ಹಾಗಾಗಿ ಸುಳ್ಳು ಅಫಿಡವಿಟ್ ಕೊಟ್ಟ ತಪ್ಪಿಗೆ ಶಿಕ್ಷೆಯಾದ ಶಾಸಕ, ಶಿಕ್ಷೆ ಮುಗಿಸಿ ಬಂದು ಅದೇ ಸದನದಲ್ಲಿ ಕೂರಬಹುದು. ಕಾನೂನು ಅಡ್ಡ ಬರುವುದಿಲ್ಲ.

ಎರಡನೆಯದು ಕಾಲಮಿತಿ. ಒಂದು ವರ್ಷಕ್ಕಿಂತ ಹೆಚ್ಚು ಜೈಲು ಇಲ್ಲದ ಅಪರಾಧವಾದರೆ, ಒಂದು ವರ್ಷದೊಳಗೆ ಕೋರ್ಟ್ ಅದನ್ನು ವಿಚಾರಣೆಗೆ ತೆಗೆದುಕೊಳ್ಳಬೇಕು ಅನ್ನುತ್ತದೆ ದಂಡಪ್ರಕ್ರಿಯಾ ಕಾನೂನು. ಚುನಾವಣೆ ಮುಗಿದು ಎರಡು ಮೂರು ವರ್ಷವಾದ ಮೇಲೆ ಯಾವುದೋ ಸೈಟು, ಯಾವುದೋ ಬ್ಯಾಂಕ್ ಖಾತೆ ಹೊರಗೆ ಬಂತು ಅಂದುಕೊಳ್ಳಿ. ಆಗ ದೂರು ಕೊಟ್ಟವರು ಮೊದಲು 'ಇಷ್ಟು ತಡ ಯಾಕೆ' ಅನ್ನುವ ಪ್ರಶ್ನೆಗೇ ಉತ್ತರ ಕೊಡಬೇಕು. ಮುಚ್ಚಿಟ್ಟ ಆಸ್ತಿ ಒಂದು ವರ್ಷದೊಳಗೆ ಹೊರಗೆ ಬರುವುದು ಎಷ್ಟು ಅಪರೂಪ ಅಂತ ಬಿಡಿಸಿ ಹೇಳಬೇಕಿಲ್ಲ, ಅಲ್ವಾ?

ಮೂರನೆಯದು ಪೊಲೀಸರ ಬಾಗಿಲು. ಇಷ್ಟು ಸಣ್ಣ ಶಿಕ್ಷೆಯ ಅಪರಾಧದಲ್ಲಿ ಪೊಲೀಸರು ತಾವಾಗಿ ಎಫ್‌ಐಆರ್ ಹಾಕಿ ತನಿಖೆ ಶುರು ಮಾಡುವಂತಿಲ್ಲ. ಮ್ಯಾಜಿಸ್ಟ್ರೇಟ್ ಮುಂದೆ ಯಾರಾದರೂ ಖಾಸಗಿ ದೂರು ಕೊಡಬೇಕು. ಸಾಕ್ಷಿಯನ್ನೂ ಅವರೇ ಹೊಂದಿಸಬೇಕು. ಬೇರೆಯವರ ಬ್ಯಾಂಕ್ ಖಾತೆಯ ಸಾಕ್ಷಿಯನ್ನು ಒಬ್ಬ ಸಾಮಾನ್ಯ ಮತದಾರ ಎಲ್ಲಿಂದ ತರುತ್ತಾನೆ?

ಕೋಲಾರದ ಒಂದು ಭಾಷಣವನ್ನು ಇದರ ಪಕ್ಕ ಇಟ್ಟು ನೋಡಿದರೆ ಅಳತೆ ಇನ್ನೂ ಚೆನ್ನಾಗಿ ಗೊತ್ತಾಗುತ್ತದೆ. 2019ರ ಏಪ್ರಿಲ್‌ನಲ್ಲಿ ರಾಹುಲ್ ಗಾಂಧಿ ಕೋಲಾರದಲ್ಲಿ ಆಡಿದ ಮಾತಿಗೆ ಸೂರತ್ ಕೋರ್ಟ್ ಮಾನನಷ್ಟ ಕೇಸಿನಲ್ಲಿ ಎರಡು ವರ್ಷ ಶಿಕ್ಷೆ ಕೊಟ್ಟಿತು. ಅದು 2023ರ ಮಾರ್ಚ್ 23. ಮರುದಿನವೇ ಅವರ ಸಂಸತ್ ಸ್ಥಾನ ಹೋಯಿತು. ಆಗಸ್ಟ್ 4ರಂದು ಸುಪ್ರೀಂ ಕೋರ್ಟ್ ಆ ತೀರ್ಪಿಗೆ ತಡೆ ಕೊಟ್ಟಿತು. ಗರಿಷ್ಠ ಶಿಕ್ಷೆಯನ್ನೇ ಯಾಕೆ ಕೊಟ್ಟರೆಂದು ಕಾರಣ ಹೇಳಿಲ್ಲ, ಒಂದು ದಿನ ಕಡಿಮೆಯಾಗಿದ್ದರೂ ಸ್ಥಾನ ಉಳಿಯುತ್ತಿತ್ತು ಎಂದಿತು. ಕೋಲಾರದಲ್ಲಿ ಆಡಿದ ಆ ಮಾತು ಸರಿಯೋ ತಪ್ಪೋ ಅನ್ನುವ ಚರ್ಚೆ ಬೇರೆ. ನಮಗೆ ಬೇಕಾದದ್ದು ಇಷ್ಟು: ವೇದಿಕೆಯ ಮೇಲಿನ ಒಂದು ಮಾತಿಗೆ ಸಂಸತ್ ಸ್ಥಾನ ಕಸಿಯುವಷ್ಟು ಉದ್ದದ ಶಿಕ್ಷೆ ಕಾನೂನಿನಲ್ಲಿದೆ. ಮತದಾರರ ಮುಂದೆ ಪ್ರಮಾಣ ಮಾಡಿ ಬರೆದುಕೊಟ್ಟ ಸುಳ್ಳಿಗೆ ಇಲ್ಲ.

ಸಾಮಾನ್ಯ ಜನರಿಗೆ ಇರುವ ಕಾನೂನು ಇದಕ್ಕಿಂತ ಬಿಗಿ. ಸರ್ಕಾರಿ ಅಧಿಕಾರಿಯ ಮುಂದೆ ಪ್ರಮಾಣ ಮಾಡಿ ಸುಳ್ಳು ಹೇಳಿದರೆ ಹಳೆಯ ಭಾರತೀಯ ದಂಡ ಸಂಹಿತೆಯಲ್ಲೂ, ಈಗಿನ ಭಾರತೀಯ ನ್ಯಾಯ ಸಂಹಿತೆಯಲ್ಲೂ ಮೂರು ವರ್ಷದವರೆಗೆ ಜೈಲು ಇದೆ.

ಯಾರು ಪರಿಶೀಲಿಸುತ್ತಾರೆ?

ಯಾರೂ ಇಲ್ಲ. ಇದು ಹಲವರಿಗೆ ಗೊತ್ತಿರದ ಸಂಗತಿ.

ನಾಮಪತ್ರದ ಜೊತೆ ನಮೂನೆ 26ರಲ್ಲಿ ಅಫಿಡವಿಟ್ ಬರುತ್ತದೆ. ಚುನಾವಣಾಧಿಕಾರಿ ಅದರ ಪ್ರತಿಯನ್ನು ಕಚೇರಿಯ ನೋಟಿಸ್ ಬೋರ್ಡಿಗೆ ಹಾಕುತ್ತಾರೆ, ಆಯೋಗದ ವೆಬ್‌ಸೈಟಿಗೆ ಏರಿಸುತ್ತಾರೆ. ಅಂಕಣಗಳನ್ನು ಖಾಲಿ ಬಿಟ್ಟಿದ್ದರೆ ತುಂಬಿ ಎಂದು ಹೇಳುತ್ತಾರೆ. ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದು. 2013ರಲ್ಲಿ ಸುಪ್ರೀಂ ಕೋರ್ಟ್ ಇದನ್ನು ಸ್ಪಷ್ಟ ಮಾಡಿದೆ. ಆದರೆ ತುಂಬಿದ್ದು ನಿಜವೋ ಸುಳ್ಳೋ ಎಂದು ಅವರು ತನಿಖೆ ಮಾಡುವುದಿಲ್ಲ.

ಇದರಿಂದ ಬರುವ ಫಲಿತಾಂಶ ವಿಚಿತ್ರವಾಗಿದೆ. ಅಂಕಣ ಖಾಲಿ ಬಿಟ್ಟ ಪ್ರಾಮಾಣಿಕ ದಡ್ಡನ ನಾಮಪತ್ರ ಹೋಗುತ್ತದೆ. 'ಇಲ್ಲ' ಎಂದು ಸುಳ್ಳು ಬರೆದ ಜಾಣನದು ಉಳಿಯುತ್ತದೆ.

ಆಕ್ಷೇಪ ಎತ್ತಲು ಸಮಯವಾದರೂ ಎಷ್ಟು? ನಾಮಪತ್ರ ಸಲ್ಲಿಕೆಯ ಕೊನೆಯ ದಿನದ ಮರುದಿನವೇ ಪರಿಶೀಲನೆ. ಕೊನೆಯ ದಿನ ಮಧ್ಯಾಹ್ನ ಒಳ್ಳೆಯ ಮುಹೂರ್ತ ನೋಡಿ ಅಫಿಡವಿಟ್ ಕೊಟ್ಟರೆ, ಅದನ್ನು ಪಹಣಿ, ಋಣಭಾರ ಪತ್ರ, ಕಂಪನಿ ದಾಖಲೆಗಳ ಜೊತೆ ತಾಳೆ ನೋಡಲು ಎದುರಾಳಿಗೆ ಸಿಗುವುದು ಒಂದು ರಾತ್ರಿ.

ಅನುಮಾನ ಬಂದ ಅಫಿಡವಿಟ್‌ಗಳನ್ನು ಆದಾಯ ತೆರಿಗೆ ಇಲಾಖೆಗೆ ಕಳಿಸುವ ಪದ್ಧತಿ ಇದೆ. 2020ರ ಜೂನ್‌ನಲ್ಲಿ ಚುನಾವಣಾ ಆಯೋಗ, ಗಂಭೀರ ದೂರುಗಳನ್ನು ತಾನೇ ತನಿಖಾ ಸಂಸ್ಥೆಗಳಿಗೆ ಕಳಿಸುವುದಾಗಿ ಹೇಳಿತು. ಅದಕ್ಕೂ ಮುಂಚೆ ದೂರು ತಂದವರಿಗೆ ಸಿಗುತ್ತಿದ್ದ ಉತ್ತರ, 'ನೀವೇ ಕೋರ್ಟಿಗೆ ಹೋಗಿ'. ಶಾಸಕ, ಸಂಸದರ ಆಸ್ತಿ ಏರುವುದನ್ನು ಗಮನಿಸಲು ಒಂದು ಶಾಶ್ವತ ವ್ಯವಸ್ಥೆ ಬೇಕು ಎಂದು ಸುಪ್ರೀಂ ಕೋರ್ಟ್ 2018ರ ಫೆಬ್ರುವರಿಯಲ್ಲೇ ಹೇಳಿತ್ತು. ಆದಾಯದ ಮೂಲವನ್ನೂ ಅಫಿಡವಿಟ್‌ನಲ್ಲಿ ಹೇಳಬೇಕು ಎಂದದ್ದು ಅದೇ ತೀರ್ಪು.

ಕರ್ನಾಟಕದಲ್ಲಿ ಇನ್ನೊಂದು ಕಾಗದವೂ ಇದೆ. ಲೋಕಾಯುಕ್ತ ಕಾಯ್ದೆಯ ಸೆಕ್ಷನ್ 22ರ ಪ್ರಕಾರ ಶಾಸಕರು, ವಿಧಾನ ಪರಿಷತ್ ಸದಸ್ಯರು ಪ್ರತಿ ವರ್ಷ ಜೂನ್ 30ರೊಳಗೆ ಲೋಕಾಯುಕ್ತಕ್ಕೆ ಆಸ್ತಿ ವಿವರ ಕೊಡಬೇಕು. ಕೊಡದಿದ್ದರೆ ಲೋಕಾಯುಕ್ತರು ರಾಜ್ಯಪಾಲರಿಗೆ ವರದಿ ಮಾಡಬಹುದು, ಹೆಸರುಗಳನ್ನು ಪತ್ರಿಕೆಗಳಲ್ಲಿ ಪ್ರಕಟಿಸಬಹುದು. ಅಂದರೆ ಶಿಕ್ಷೆ ಅಂದರೆ ಮರ್ಯಾದೆ ಹೋಗುವುದು, ಅಷ್ಟೇ. ಕೆಲವರಿಗೆ ಅದೂ ಒಂದು ಶಿಕ್ಷೆಯೇ ಅನ್ನೋಣ.

ಗಡಿಯಾರ ಯಾರ ಪರ?

ಕ್ರಿಮಿನಲ್ ದಾರಿ ಇಷ್ಟು ಇಕ್ಕಟ್ಟಾದ್ದರಿಂದ ಎಲ್ಲರೂ ಇನ್ನೊಂದು ದಾರಿ ಹಿಡಿಯುತ್ತಾರೆ. ಅದು ಚುನಾವಣಾ ತಕರಾರು ಅರ್ಜಿ. ಫಲಿತಾಂಶ ಬಂದ 45 ದಿನದೊಳಗೆ ಆ ಕ್ಷೇತ್ರದ ಅಭ್ಯರ್ಥಿ ಅಥವಾ ಮತದಾರ ಹೈಕೋರ್ಟಿಗೆ ಹಾಕಬಹುದು. ಕಾನೂನಿನ ಪ್ರಕಾರ ಕಟ್ಟಬೇಕಾದ ಠೇವಣಿ ಬರೀ 2,000 ರೂಪಾಯಿ. ಆರು ತಿಂಗಳಲ್ಲಿ ಮುಗಿಸಲು ಹೈಕೋರ್ಟ್ 'ಪ್ರಯತ್ನಿಸಬೇಕು' ಎಂದು ಕಾಯ್ದೆ ಹೇಳುತ್ತದೆ. ಎಲ್ಲ ತೊಂದರೆ ಇರುವುದು ಆ 'ಪ್ರಯತ್ನಿಸಬೇಕು' ಅನ್ನುವ ಪದದಲ್ಲಿ.

ಕರ್ನಾಟಕದ ಮೂರು ಕೇಸುಗಳ ತಾರೀಕು ನೋಡೋಣ. ಮುಳಬಾಗಿಲು ಮೀಸಲು ಕ್ಷೇತ್ರದಲ್ಲಿ 2013ರಲ್ಲಿ ಗೆದ್ದವರ ಆಯ್ಕೆಯನ್ನು ಜಾತಿ ಪ್ರಮಾಣ ಪತ್ರದ ವಿಷಯದಲ್ಲಿ ಹೈಕೋರ್ಟ್ ಅಸಿಂಧು ಮಾಡಿದ್ದು 2018ರ ಏಪ್ರಿಲ್‌ನಲ್ಲಿ. ಮುಂದಿನ ಚುನಾವಣೆಯ ಮತದಾನ ಅದೇ ಮೇ 12ಕ್ಕೆ. ತುಮಕೂರು ಗ್ರಾಮಾಂತರದಲ್ಲಿ 2018ರಲ್ಲಿ ಮತದಾರರಿಗೆ ನಕಲಿ ವಿಮಾ ಬಾಂಡ್ ಹಂಚಿದ ಆರೋಪದ ಕೇಸಿನಲ್ಲಿ ಆಯ್ಕೆ ಅಸಿಂಧುವಾಗಿದ್ದು 2023ರ ಮಾರ್ಚ್ 30ಕ್ಕೆ. ಮುಂದಿನ ಮತದಾನ ಮೇ 10ಕ್ಕೆ. ಹಾಸನದ್ದು ಈಗಾಗಲೇ ನೋಡಿದೆವು: 2019ರ ಚುನಾವಣೆ, 2023ರ ಸೆಪ್ಟೆಂಬರ್ ತೀರ್ಪು, ಆಮೇಲೆ ತಡೆ.

ಮೂರರಲ್ಲೂ ಅರ್ಜಿ ಹಾಕಿದವರಿಗೆ ಹೈಕೋರ್ಟಿನಲ್ಲಿ ಜಯ ಸಿಕ್ಕಿತು. ಮೂರರಲ್ಲೂ ಪ್ರತಿನಿಧಿ ಹೆಚ್ಚುಕಡಿಮೆ ಪೂರ್ತಿ ಅವಧಿ ಅನುಭವಿಸಿದ್ದಾಗಿತ್ತು. ಹೊರ ರಾಜ್ಯದ ಕೇಸುಗಳು ಇದಕ್ಕಿಂತ ಬೇರೆಯಲ್ಲ. 2004ರಲ್ಲಿ ಗೆದ್ದ ಮಹಾರಾಷ್ಟ್ರದ ಶಾಸಕರೊಬ್ಬರು ವಿದ್ಯುತ್ ಬಾಕಿ, ಹೆಂಡತಿ ಹೆಸರಿನ ಆಸ್ತಿಯ ವಿವರ ಕೊಟ್ಟಿರಲಿಲ್ಲ. ಅದು ತಪ್ಪು ಎಂದು ಸುಪ್ರೀಂ ಕೋರ್ಟ್ ಕೊನೆಯ ಮಾತು ಹೇಳಿದ್ದು 2014ರಲ್ಲಿ.

ತಡವಾಗಲು ನ್ಯಾಯಾಧೀಶರ ಸೋಮಾರಿತನ ಕಾರಣ ಅಂದುಕೊಳ್ಳಬೇಡಿ. ಈ ಅರ್ಜಿ ಒಂದು ಪೂರ್ತಿ ವಿಚಾರಣೆ. ಸಾಕ್ಷಿಗಳನ್ನು ಕರೆಸಬೇಕು, ಪಾಟಿ ಸವಾಲು ನಡೆಯಬೇಕು, ದಾಖಲೆ ಗುರುತಿಸಬೇಕು. ಚುನಾವಣಾ ಅಕ್ರಮದ ಆರೋಪವನ್ನು ಕ್ರಿಮಿನಲ್ ಕೇಸಿನಷ್ಟೇ ಗಟ್ಟಿಯಾಗಿ ಸಾಬೀತು ಮಾಡಬೇಕು. ಇದನ್ನು ಕೇಳುವ ನ್ಯಾಯಮೂರ್ತಿಗೆ ಬೇರೆ ಕೇಸುಗಳ ರಾಶಿಯೂ ಇರುತ್ತದೆ. ಗೆದ್ದವರ ವಕೀಲರಿಗೆ ಆತುರವೂ ಇರುವುದಿಲ್ಲ. ಐದು ವರ್ಷ ತಳ್ಳಿದರೆ ಕೇಸು ತಾನಾಗಿ ಸಪ್ಪೆಯಾಗುತ್ತದೆ.

ಹಾಸನದ ಕೇಸಿನಲ್ಲಿ ಇನ್ನೊಂದು ತಮಾಷೆ ಇದೆ. ಅರ್ಜಿ ಹಾಕಿದವರಲ್ಲಿ ಒಬ್ಬರು 2019ರಲ್ಲಿ ಬಿಜೆಪಿಯಿಂದ ಸೋತ ಎ. ಮಂಜು. ತೀರ್ಪು ಬರುವ ಹೊತ್ತಿಗೆ ಅವರು ಜೆಡಿಎಸ್ ಸೇರಿ ಅರಕಲಗೂಡು ಶಾಸಕರಾಗಿದ್ದರು. ಅಂದರೆ ಯಾರ ವಿರುದ್ಧ ಕೇಸು ಗೆದ್ದರೋ ಅವರದೇ ಪಕ್ಷದಲ್ಲಿದ್ದರು! ತಮ್ಮನ್ನೇ ವಿಜೇತ ಎಂದು ಘೋಷಿಸಬೇಕೆಂಬ ಅವರ ಕೋರಿಕೆಯನ್ನು ಹೈಕೋರ್ಟ್ ಒಪ್ಪಲಿಲ್ಲ. ಸುಳ್ಳನ್ನು ಹಿಡಿಯುವ ಕೆಲಸವನ್ನು ಸೋತ ಅಭ್ಯರ್ಥಿಯ ಸಿಟ್ಟಿಗೆ ಬಿಟ್ಟರೆ ಆಗುವುದು ಇದೇ. ಸಿಟ್ಟು ಇಳಿಯಬಹುದು, ಪಕ್ಷ ಬದಲಾಗಬಹುದು, ರಾಜಿಯೂ ಆಗಬಹುದು. ಮತದಾರನಿಗೆ ಮಾಡಿದ ಮೋಸ ಮಾತ್ರ ಹಾಗೇ ಇರುತ್ತದೆ.

ಸ್ಕೂಟರ್ ಬೇರೆ, ಎಂಬಿಎ ಬೇರೆ

ಈಗ ಮೊದಲ ಪ್ರಶ್ನೆಗೆ ಬರೋಣ. ಮುಚ್ಚಿಟ್ಟರೆ ಸ್ಥಾನ ಹೋಗುತ್ತದೋ ಇಲ್ಲವೋ?

ಅರುಣಾಚಲದ ತೇಜು ಕ್ಷೇತ್ರದ ಕೇಸಿನಲ್ಲಿ ಕಾರಿಖೋ ಕ್ರಿ ಎಂಬ ಪಕ್ಷೇತರ ಅಭ್ಯರ್ಥಿ 2019ರಲ್ಲಿ ಗೆದ್ದಿದ್ದರು. ಹೆಂಡತಿ, ಮಗನ ಹೆಸರಿನಲ್ಲಿದ್ದ ಒಂದು ಸ್ಕೂಟರ್, ಒಂದು ಬೈಕ್, ಒಂದು ಓಮ್ನಿ ವ್ಯಾನ್ ವಿವರ ಕೊಟ್ಟಿಲ್ಲ ಅನ್ನುವುದು ಒಂದು ಆರೋಪ. ಗುವಾಹಟಿ ಹೈಕೋರ್ಟ್ ಆಯ್ಕೆಯನ್ನು ಅಸಿಂಧು ಮಾಡಿತು. ಸುಪ್ರೀಂ ಕೋರ್ಟ್ ಅದನ್ನು ತಿರುಗಿಸಿತು. ಆ ಗಾಡಿಗಳು ನಾಮಪತ್ರಕ್ಕೂ ಮುಂಚೆ ಕೈ ಬದಲಾಗಿದ್ದವು, ದಾಖಲೆಯಲ್ಲಿ ಹೆಸರು ಬದಲಾಗಿರಲಿಲ್ಲ ಅಷ್ಟೇ ಎಂದಿತು. ಜೊತೆಗೆ ಒಂದು ಅಳತೆಗೋಲು ಕೊಟ್ಟಿತು. ಬಟ್ಟೆ, ಚಪ್ಪಲಿ, ಪಾತ್ರೆ, ಪೀಠೋಪಕರಣ ಇವನ್ನೆಲ್ಲ ಹೇಳಬೇಕಿಲ್ಲ. ಆದರೆ ಅಭ್ಯರ್ಥಿಯ ಬದುಕಿನ ರೀತಿ ತೋರಿಸುವಷ್ಟು ಬೆಲೆಬಾಳುವ ವಸ್ತುವಾದರೆ ಹೇಳಬೇಕು. ಕೋರ್ಟೇ ಕೊಟ್ಟ ಉದಾಹರಣೆ ಕೈಗಡಿಯಾರದ್ದು: ಒಂದೋ ಎರಡೋ ಸಾಧಾರಣ ವಾಚ್ ಇದ್ದರೆ ಬಿಡಬಹುದು, ಲಕ್ಷಗಟ್ಟಲೆ ಬೆಲೆಯ ವಾಚುಗಳ ಸಂಗ್ರಹವಿದ್ದರೆ ಬಿಡುವಂತಿಲ್ಲ.

ಇದನ್ನು ಕೆಲವರು 'ಆಸ್ತಿ ಮುಚ್ಚಿಡಲು ಸುಪ್ರೀಂ ಕೋರ್ಟ್ ಅನುಮತಿ' ಎಂದು ಹಂಚಿದರು. ಅದು ಸರಿಯಲ್ಲ. ಕೋರ್ಟ್ ಹೇಳಿದ್ದು, ಸಣ್ಣದಕ್ಕೂ ದೊಡ್ಡದಕ್ಕೂ ಒಂದೇ ಶಿಕ್ಷೆ ಬೇಡ, ಪ್ರತಿ ಕೇಸನ್ನೂ ಅದರ ತೂಕ ನೋಡಿ ತೀರ್ಮಾನಿಸಬೇಕು ಎಂದು.

ತೂಕ ಇದ್ದಾಗ ಇದೇ ಕೋರ್ಟ್ ಬಿಗಿಯಾಗಿಯೂ ನಡೆದುಕೊಂಡಿದೆ. ಮಣಿಪುರದ ಮೊಯಿರಾಂಗ್ ಕ್ಷೇತ್ರದ ಕೇಸು ಕನ್ನಡಿಗರಿಗೆ ಸ್ವಲ್ಪ ಹತ್ತಿರದ್ದು. 2012ರಲ್ಲಿ ಗೆದ್ದ ಪೃಥ್ವಿರಾಜ್ ಸಿಂಗ್ ತಮ್ಮ ಅಫಿಡವಿಟ್‌ನಲ್ಲಿ ಮೈಸೂರು ವಿಶ್ವವಿದ್ಯಾಲಯದಿಂದ ಎಂಬಿಎ ಮಾಡಿರುವುದಾಗಿ ಬರೆದಿದ್ದರು. ಮಾಡಿರಲಿಲ್ಲ. ಬರೆಯುವವರ ಕೈತಪ್ಪು ಎಂಬ ವಾದ ಬಂತು. 2008ರ ಅಫಿಡವಿಟ್‌ನಲ್ಲೂ ಅದೇ ಎಂಬಿಎ ಇತ್ತು. ನಾಲ್ಕು ವರ್ಷದ ಅಂತರದಲ್ಲಿ ಎರಡು ಸಲ ಅದೇ ಕೈ ಅದೇ ತಪ್ಪು ಮಾಡುತ್ತದೆಯೇ? 2016ರ ಅಕ್ಟೋಬರ್‌ನಲ್ಲಿ ಸುಪ್ರೀಂ ಕೋರ್ಟ್ ಆಯ್ಕೆ ಅಸಿಂಧು ಎಂಬುದನ್ನೇ ಎತ್ತಿಹಿಡಿಯಿತು. ಕ್ರಿಮಿನಲ್ ಕೇಸುಗಳನ್ನು ಮುಚ್ಚಿಡುವುದು ಮತದಾರರ ಮೇಲೆ ಅನುಚಿತ ಪ್ರಭಾವ ಬೀರುವ ಅಕ್ರಮ ಎಂದು 2015ರಲ್ಲಿ ತಮಿಳುನಾಡಿನ ಕೇಸೊಂದರಲ್ಲಿ ಹೇಳಿದ್ದೂ ಇದೇ ಕೋರ್ಟ್.

ಹಾಗಾಗಿ ತೀರ್ಪುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುತ್ತಿಲ್ಲ. ತೊಂದರೆ ಬೇರೆ ಕಡೆ ಇದೆ. ಯಾವುದು ದೊಡ್ಡ ಸುಳ್ಳು, ಯಾವುದು ಸಣ್ಣ ಮರೆವು ಎಂಬ ಗೆರೆಯನ್ನು ಸಂಸತ್ತು ಎಳೆದಿಲ್ಲ. ಕೋರ್ಟುಗಳು ಒಂದೊಂದೇ ಕೇಸಿನಲ್ಲಿ ಎಳೆಯುತ್ತಿವೆ. ಪ್ರತಿ ಗೆರೆಗೂ ನಾಲ್ಕೈದು ವರ್ಷ ಹಿಡಿಯುತ್ತಿದೆ.

ಬಿಗಿ ಮಾಡಿ ಅನ್ನುವವರು, ಬೇಡ ಅನ್ನುವವರು

ಕಾನೂನು ಆಯೋಗ 2014ರ ಫೆಬ್ರುವರಿಯಲ್ಲಿ ಕೊಟ್ಟ 244ನೇ ವರದಿಯಲ್ಲಿ ಪರಿಹಾರ ಬರೆದಿಟ್ಟಿದೆ. ಸುಳ್ಳು ಅಫಿಡವಿಟ್‌ಗೆ ಕನಿಷ್ಠ ಎರಡು ವರ್ಷ ಶಿಕ್ಷೆ ಇರಲಿ. ಅದರಲ್ಲಿ ಶಿಕ್ಷೆಯಾದರೆ ಅನರ್ಹತೆ ತಾನಾಗಿ ಬರಲಿ. ಸುಳ್ಳು ಅಫಿಡವಿಟ್ ಅನ್ನೂ ಚುನಾವಣಾ ಅಕ್ರಮಗಳ ಪಟ್ಟಿಗೆ ಸೇರಿಸಿ. ನಾಮಪತ್ರದ ಕೊನೆಯ ದಿನಕ್ಕೂ ಪರಿಶೀಲನೆಗೂ ಒಂದು ವಾರ ಅಂತರ ಇಡಿ. ಹತ್ತು ವರ್ಷಕ್ಕೂ ಜಾಸ್ತಿಯಾಯಿತು. 2014ರಿಂದ ಈಚೆಗೆ ಎಷ್ಟೋ ಕಾನೂನು ಒಂದೇ ದಿನದಲ್ಲಿ ಪಾಸಾಗಿವೆ. ಇದು ಮಾತ್ರ ಕಪಾಟಿನಲ್ಲೇ ಇದೆ.

ಬೇಡ ಅನ್ನುವವರ ವಾದವನ್ನು ಸುಮ್ನೆ ತಳ್ಳಿಹಾಕುವ ಹಾಗಿಲ್ಲ. ಅವಿಭಕ್ತ ಕುಟುಂಬದ ಜಮೀನು, ಪಾಲಾಗದ ಮನೆ, ಮರೆತುಹೋದ ಬ್ಯಾಂಕ್ ಖಾತೆ ನಮ್ಮಲ್ಲಿ ಯಾರಿಗಿಲ್ಲ? ಎಂದೋ ದಾಖಲಾಗಿ ಸಮನ್ಸೇ ಬಾರದ ಕೇಸುಗಳೂ ಇರುತ್ತವೆ. ಶಿಕ್ಷೆ ಜಾಸ್ತಿಯಾದರೆ ಪ್ರತಿ ಸೋತ ಅಭ್ಯರ್ಥಿಯೂ ಒಂದು ಸರ್ವೆ ನಂಬರ್ ಹಿಡಿದು ಕೋರ್ಟಿಗೆ ಓಡುತ್ತಾನೆ. ಲಕ್ಷಾಂತರ ಜನ ಕೊಟ್ಟ ತೀರ್ಪನ್ನು ಒಬ್ಬ ಮ್ಯಾಜಿಸ್ಟ್ರೇಟ್ ಅಳಿಸುವ ಹಾಗಾಗುತ್ತದೆ. ಇದು ಅವರ ಭಯ.

ಮಹಾರಾಷ್ಟ್ರದ ಬಿಜೆಪಿ ನಾಯಕ ದೇವೇಂದ್ರ ಫಡಣವೀಸ್ ಕೇಸನ್ನು ಎರಡೂ ಕಡೆಯವರು ತಮಗೆ ಬೇಕಾದಂತೆ ಬಳಸಬಹುದು. 2014ರ ಅಫಿಡವಿಟ್‌ನಲ್ಲಿ ಎರಡು ಹಳೆಯ ಕೇಸುಗಳ ವಿವರ ಇರಲಿಲ್ಲ ಅನ್ನುವುದು ದೂರು. ಬಾಂಬೆ ಹೈಕೋರ್ಟ್ ಅದನ್ನು ಕೈಬಿಟ್ಟಿತ್ತು. 2019ರ ಅಕ್ಟೋಬರ್ 1ರಂದು ಸುಪ್ರೀಂ ಕೋರ್ಟ್ ವಿಚಾರಣೆ ನಡೆಯಲಿ ಎಂದಿತು. 2023ರ ಸೆಪ್ಟೆಂಬರ್‌ನಲ್ಲಿ ನಾಗಪುರದ ಕೋರ್ಟ್ ಅವರನ್ನು ಖುಲಾಸೆ ಮಾಡಿತು. ನೋಡಿ, ತಪ್ಪಿಲ್ಲದವರಿಗೆ ಒಂಬತ್ತು ವರ್ಷ ಕಿರುಕುಳ ಎಂದು ಒಬ್ಬರು. ನೋಡಿ, ಆರು ತಿಂಗಳ ಶಿಕ್ಷೆಯ ಒಂದು ಸಣ್ಣ ಕೇಸಿಗೆ ಒಂಬತ್ತು ವರ್ಷ ಬೇಕಾಯಿತು ಎಂದು ಇನ್ನೊಬ್ಬರು. ಇಬ್ಬರ ಮಾತೂ ಸರಿ. ಇಬ್ಬರ ಸಿಟ್ಟೂ ಗಡಿಯಾರದ ಮೇಲೆಯೇ.

ಮರೆವಿನ ಭಯಕ್ಕೆ ಕಾನೂನಿನಲ್ಲೇ ಉತ್ತರವಿದೆ ಅನ್ನಿಸುತ್ತದೆ. ಸೆಕ್ಷನ್ 125ಎ ಈಗಲೂ ಕೇಳುವುದು ಸುಳ್ಳೆಂದು ಗೊತ್ತಿದ್ದೂ, ಇಲ್ಲವೇ ಹಾಗೆ ನಂಬಲು ಕಾರಣವಿದ್ದೂ ಹೇಳಿದ್ದನ್ನು. ಶಿಕ್ಷೆ ಹೆಚ್ಚಿಸಿದ ಮಾತ್ರಕ್ಕೆ ಮರೆವು ಅಪರಾಧವಾಗುವುದಿಲ್ಲ. ಮೊಯಿರಾಂಗ್ ಕೇಸಿನ ಹಾಗೆ, ಹಿಂದಿನ ಅಫಿಡವಿಟ್ ಜೊತೆ ತಾಳೆ ನೋಡಿದರೆ ಮರೆವು ಯಾವುದು, ಮೋಸ ಯಾವುದು ಎಂದು ಬಹಳ ಸಲ ಗೊತ್ತಾಗುತ್ತದೆ.

ಬ್ರಿಟನ್‌ನಲ್ಲಿ ಸದನವೇ ಕೇಳುತ್ತದೆ

ಕೋರ್ಟಿನ ಗಡಿಯಾರಕ್ಕೆ ಕಾಯದೆ ಬೇರೆ ದಾರಿ ಮಾಡಿಕೊಂಡವರೂ ಇದ್ದಾರೆ. ಬ್ರಿಟನ್ನಿನ ಪೀಟರ್‌ಬರೋ ಸಂಸದೆ ಫಿಯೋನಾ ಒನಾಸನ್ಯಾ ಅತಿ ವೇಗದ ಗಾಡಿಯ ಕೇಸಿನಲ್ಲಿ ಚಾಲಕರು ಯಾರು ಎಂಬ ಬಗ್ಗೆ ಸುಳ್ಳು ಹೇಳಿದರು. ಮೂರು ತಿಂಗಳ ಜೈಲಾಯಿತು. ಅಲ್ಲಿ 2015ರ ಕಾನೂನಿನ ಪ್ರಕಾರ ಕ್ಷೇತ್ರದ 10% ಮತದಾರರು ಸಹಿ ಹಾಕಿದರೆ ಹೀಗೆ ಜೈಲು ಶಿಕ್ಷೆಯಾದ ಸಂಸದರ ಸ್ಥಾನ ಖಾಲಿ. 2019ರ ಮೇ 1ರಂದು ಅವರ ಸ್ಥಾನ ಹಾಗೆ ಹೋಯಿತು. ಮೂರು ತಿಂಗಳ ಶಿಕ್ಷೆಗೆ! ಮಾಜಿ ಪ್ರಧಾನಿ ಬೋರಿಸ್ ಜಾನ್ಸನ್ ಸದನಕ್ಕೆ ಬೇಕೆಂದೇ ತಪ್ಪು ಮಾಹಿತಿ ಕೊಟ್ಟರು ಎಂದು 2023ರ ಜೂನ್‌ನಲ್ಲಿ ಸದನದ ಸಮಿತಿಯೇ ಹೇಳಿತು. ವರದಿ ಪ್ರಕಟವಾಗುವ ಮುಂಚೆಯೇ ಅವರು ಸಂಸದ ಸ್ಥಾನಕ್ಕೆ ರಾಜೀನಾಮೆ ಕೊಟ್ಟಿದ್ದರು. ಆ ಸಮಿತಿಯಲ್ಲಿ ಅವರ ಪಕ್ಷದವರೇ ಹೆಚ್ಚಿದ್ದರು ಅನ್ನುವುದನ್ನು ಮರೆಯುವಂತಿಲ್ಲ.

ನಮ್ಮಲ್ಲೂ ಸದನದ ಹಕ್ಕುಚ್ಯುತಿ ವಿಚಾರಿಸುವ ಹಕ್ಕುಬಾಧ್ಯತಾ ಸಮಿತಿಗಳಿವೆ. ಬಹುಮತ ಯಾರದೋ ಸಮಿತಿಯೂ ಅವರದೇ ಎಂಬಂತೆ ಅವು ನಡೆಯುತ್ತವೆ. ಆದ್ದರಿಂದ ಆ ದಾರಿಯನ್ನು ಹಾಗೇ ಎತ್ತಿ ಇಲ್ಲಿ ನೆಡಲು ಆಗದು.

ಒಂದು ಅಂಕಿ ಬದಲಾದರೆ ಏನಾಗುತ್ತದೆ?

ಮತ್ತೆ 130ನೇ ತಿದ್ದುಪಡಿ ಮಸೂದೆಗೆ ಬರೋಣ. ಲೋಕಸಭೆ ಅದನ್ನು ಜಂಟಿ ಸಮಿತಿಗೆ ಒಪ್ಪಿಸಿತು. ಅದು ಅನ್ವಯವಾಗುವುದು ಐದು ವರ್ಷ ಅಥವಾ ಹೆಚ್ಚಿನ ಶಿಕ್ಷೆ ಇರುವ ಅಪರಾಧಗಳಿಗೆ. ಅದರಲ್ಲಿ ಕುರ್ಚಿ ಹೋಗುವುದು ತೀರ್ಪಿನಿಂದಲ್ಲ, ಬಂಧನದಿಂದ. ಬಂಧಿಸುವ ಅಧಿಕಾರ ಯಾರ ಕೈಯಲ್ಲಿದೆಯೋ ಕುರ್ಚಿಯ ಕೀಲಿಯೂ ಅವರ ಕೈಗೆ ಹೋಗುತ್ತದೆ ಅನ್ನುವುದು ವಿರೋಧ ಪಕ್ಷಗಳ ಆಕ್ಷೇಪ. ಜೈಲಿನಿಂದ ಸರ್ಕಾರ ನಡೆಸುವುದು ನಾಚಿಕೆಗೇಡು ಅನ್ನುವುದು ಸರ್ಕಾರದ ಮಾತು. ಈ ಜಗಳದಲ್ಲಿ ಯಾರೇ ಗೆದ್ದರೂ ಸುಳ್ಳು ಅಫಿಡವಿಟ್ ಕೊಟ್ಟವರ ಕೂದಲೂ ಕೊಂಕುವುದಿಲ್ಲ. ಆರು ತಿಂಗಳೆಲ್ಲಿ, ಐದು ವರ್ಷವೆಲ್ಲಿ?

ಸಂವಿಧಾನ ಮುಟ್ಟದೆ, ಸಾಮಾನ್ಯ ಬಹುಮತದಲ್ಲಿ 125ಎ ಸೆಕ್ಷನ್ನಿನ 'ಆರು ತಿಂಗಳು' ತೆಗೆದು 'ಕನಿಷ್ಠ ಎರಡು ವರ್ಷ' ಎಂದು ಬರೆದರೆ ಸಾಕು. ಎರಡು ವರ್ಷದ ಶಿಕ್ಷೆ ಬಿದ್ದ ಕೂಡಲೇ ಸೆಕ್ಷನ್ 8ರ ಅನರ್ಹತೆ ಬರುತ್ತದೆ. ದೂರಿನ ಕಾಲಮಿತಿ ಒಂದು ವರ್ಷದಿಂದ ಕನಿಷ್ಠ ಮೂರು ವರ್ಷಕ್ಕೆ ಏರುತ್ತದೆ. ಗರಿಷ್ಠ ಶಿಕ್ಷೆ ಮೂರು ವರ್ಷ ಎಂದಿಟ್ಟರೆ ಪೊಲೀಸರೂ ತನಿಖೆಗೆ ಇಳಿಯಬಹುದು. ಇದರಿಂದ ಕೆಟ್ಟದ್ದೂ ಆಗಬಹುದು. ಆಳುವವರ ಪೊಲೀಸರು ಎದುರಾಳಿಯ ಅಫಿಡವಿಟ್ ಮಾತ್ರ ಭೂತಗನ್ನಡಿ ಹಿಡಿದು ಓದಬಹುದು. ಅದಕ್ಕೇ ದೂರು ಹೊರಡುವುದು ಪೊಲೀಸ್ ಠಾಣೆಯಿಂದಲ್ಲ, ಚುನಾವಣಾ ಆಯೋಗದಿಂದ ಎಂದು ಬರೆಯುವುದು ಮೇಲು. ಆಯೋಗದ ಮೇಲೆಯೂ 'ಯಾರ ಪರ' ಎಂಬ ಅನುಮಾನ ಈಗ ಕೇಳಿಬರುತ್ತಿದೆ. ಆದರೂ ಠಾಣೆಗಿಂತ ವಾಸಿ.

ಕರ್ನಾಟಕದ ಮುಂದಿನ ವಿಧಾನಸಭಾ ಚುನಾವಣೆ 2028ರಲ್ಲಿ. 2018, 2023ರ ಅಫಿಡವಿಟ್‌ಗಳು ಆಯೋಗದ ವೆಬ್‌ಸೈಟಿನಲ್ಲಿ ಇವೆ. ಮೂರನೆಯದು ಬಂದ ಮೇಲೆ ಮೂರನ್ನೂ ಪಕ್ಕಪಕ್ಕ ಇಟ್ಟು ಓದಲು, ಈಗಿನ ಕಾನೂನು ಬದಲಾಗದಿದ್ದರೆ, ಪರಿಶೀಲನೆಗೆ ಮುಂಚೆ ಒಂದು ರಾತ್ರಿ, ಫಲಿತಾಂಶದ ನಂತರ 45 ದಿನ ಸಿಗುತ್ತದೆ.